ಅತ್ತೆಯಾಗಲಿದ್ದ ಆಯಿ

ಎಂಬತ್ತರ ದಶಕದ ಕೊನೆಗೆ ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಅಲ್ಲಿ ಪ್ರೊಲಾಗ್ ಅಂತ ಒಂದು ಭಾಷೆ ಕಲಿಸಿದರು. ಅದಕ್ಕೆ ಯಾರು ಯಾರ ಮಕ್ಕಳು, ಯಾರ ಗಂಡ ಯಾರು ಎಂದು ತಿಳಿಸಿ, ಗಂಡನ ತಾಯಿ ಅತ್ತೆ, ಹೆತ್ತವರೂ ಅವರ ಹಿರಿಯರೂ ನಮಗೆ ಹಿರಿಯರು ಎಂಬಂಥ ನಿಯಮ ಕೊಟ್ಟರೆ ಸಾಕು, ಯಾರಿಗೆ ಯಾರು ಏನಾಗಬೇಕೆಂದು ಅದೇ ಹುಡುಕಿ ಹೇಳುತ್ತಿತ್ತು. ನಮ್ಮೂರು ಗುಡಗೇರಿಯಲ್ಲಿ ಕಟ್ಟೆಯ ಮೇಲೆ ಕುಳಿತವರು ದಿನವಿಡೀ ಪುಕ್ಕಟೆ ಮಾಡುತ್ತಿದ್ದ ಈ ಕೆಲಸವನ್ನು ಕಲಿಯಲು ನಾನು ರೈಲು ಹತ್ತುತ್ತಿದ್ದೆ.

ಉತ್ತರ ಭಾರತದ ಕಡೆಯಿಂದ ಬಂದಿದ್ದ ನಮ್ಮ ಸರ್ ಹಲಗೆಯ ಮೇಲೆ ಒಂದು ಮನೆತನ ಬರೆದರು. ಮೇಲೆ ಅಜ್ಜ, ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು, ಅಗದಿ ಶಿಸ್ತು. ನಿಮ್ಮ ಮನೆಯದನ್ನು ಬರೆಯಿರಿ ಅಂದರು. ಬರೆದೆ. ಮನೆಯಲ್ಲಿ ಗಟ್ಟಿಯಾಗಿದ್ದ ನನ್ನ ಮದುವೆಯನ್ನೂ ಸೇರಿಸಿದೆ. ವರ ಅವ್ವನ ತಮ್ಮ, ನನ್ನ ಸೋದರಮಾವ. ಅವ್ವನ ತಾಯಿ, ನಮ್ಮ ಆಯಿ, ನನಗೆ ಹೆಸರಿಡುವ ದಿನ ಕಲಘಟಗಿಯ ಬಣ್ಣದ ತೊಟ್ಟಿಲು ತಂದು, ಅದರಲ್ಲಿ ನನ್ನನ್ನು ಮಲಗಿಸುವಾಗಲೇ ಸೊಸೆ ಮಾಡಿಕೊಂಡಿದ್ದಳು.

ನನ್ನ ಅಜ್ಜಿ ಯಾರು ಎಂದು ಕಂಪ್ಯೂಟರನ್ನು ಕೇಳಿದೆ. ಆಯಿ ಅಂದಿತು. ಅತ್ತೆ? ಆಯಿ. ನಾದಿನಿ? ಅವ್ವ. ಸರ್ ಕನ್ನಡಕ ಏರಿಸಿ ನೋಡಿ, ಮಾಹಿತಿ ತಪ್ಪಿದೆ, ತಿದ್ದು ಅಂದರು. ಅದು ನನ್ನ ಕೈಯಲ್ಲಿದ್ದರೆ ಎಂದೋ ತಿದ್ದುತ್ತಿದ್ದೆ.

ತಡೆಯದೆ ಇನ್ನೊಂದು ಕೇಳಿದೆ: ಈ ಹುಡುಗಿ ಒಪ್ಪಿದ್ದಾಳೆಯೇ? ಇಲ್ಲ, ಅಂದಿತು. ಹೇಳದೇ ಇದ್ದದ್ದನ್ನು ಅದು ಇಲ್ಲವೆಂದೇ ತಿಳಿಯುತ್ತದೆ ಎಂದು ಸರ್ ವಿವರಿಸಿದರು. ನಮ್ಮ ಮನೆಯ ನಿಯಮ ಇದಕ್ಕೆ ಉಲ್ಟಾ. ಅಲ್ಲಿ ನಾನು ಹೇಳದೇ ಇದ್ದದ್ದೆಲ್ಲ ಹೌದು. ಆ ಡಬ್ಬಿಗಿರುವ ಬುದ್ಧಿ ನಮ್ಮ ಹಿರಿಯರಿಗಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಆ ವಾರವೇ ಮನೆಯಲ್ಲಿ ಸಕ್ಕರೆ ಹಂಚಿ ಮಾತು ಮುಗಿಸಲು ಎಲ್ಲರೂ ಕೂಡಿದ್ದರು. ಮಾವನೂ ಮೂಲೆಯಲ್ಲಿ ಕುಳಿತಿದ್ದ.

"ಉಳದ ಹುಡುಗ್ಯಾರು ಅತ್ತಿಗೆ ಅಂಜತಾರ. ನಿನಗೇನವಾ, ನಾನ ಅತ್ತಿ," ಎಂದು ಆಯಿ ನಕ್ಕಳು.

"ನನ್ನ ಯಾರರ ಕೇಳೀರೇನು?" ಅಂದೆ.

"ಕೇಳೂದೇನೈತಿ? ಇಷ್ಟ ವರ್ಷ ಒಮ್ಮೆರ ಬ್ಯಾಡ ಅಂದೀಯೇನು?"

"ಹಂಗಾರ ಈಗ ಅಂತೀನಿ. ನಾ ಒಲ್ಲೆ."

ಆಯಿ ಸಕ್ಕರೆ ತಟ್ಟೆ ಕೆಳಗಿಟ್ಟಳು. "ಆ ಕಾಲೇಜು ಕೆಡಿಸಿತು ಈ ಹುಡುಗೀನ್ನ," ಎಂದು ಎಲ್ಲರ ಮುಖ ನೋಡಿದಳು.

ಆಗ ಮೂಲೆಯಿಂದ ಮಾವ, ಮ್ಯಾಟ್ರಿಕ್ ಫೇಲಾಗಿ ಕಾಳಿನ ಅಂಗಡಿಯಲ್ಲಿ ಕೂರುತ್ತಿದ್ದವನು, ತಲೆ ಎತ್ತದೆ ಅಂದ: "ಅವ್ವಾ, ನನ್ನೂ ಯಾರೂ ಕೇಳಿಲ್ಲ."