ಫಲಕದಲ್ಲಿ ಇಲ್ಲದ ಹೆಸರು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಓದುವವರು ನಕ್ಕರೆ ತಪ್ಪಿಲ್ಲ, ನಾನಾಗಿದ್ದರೂ ನಗುತ್ತಿದ್ದೆ.

ಗದಗಿನ ಕಡೆಯವನು, ಯಲಹಂಕದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ರಜೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಶಾಸನಗಳ ಪಡಿಯಚ್ಚು ತೆಗೆಯುವ ಹುಚ್ಚು ಬೇರೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಕುಳಿಯೊಳಗೆ ಕಾಗದವನ್ನು ಇಳಿಸಬೇಕು. ಅರ್ಧ ಒಣಗಿದ ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತಿದರೆ ಕಪ್ಪಿನ ನಡುವೆ ಬಿಳಿ ಅಕ್ಷರಗಳು ಮೂಡುತ್ತವೆ. ಕಲ್ಲಿನಲ್ಲಿ ಇದ್ದದ್ದು ಕಾಗದಕ್ಕೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ನಾನು ಕಣ್ಣುಮುಚ್ಚಿ ನಂಬಿದ್ದು ಇದೊಂದನ್ನೇ.

ಕೆಲವು ವರ್ಷಗಳ ಹಿಂದೆ, ಅಲ್ಲೇ ಹತ್ತಿರದ ಕೋಗಿಲು ದಾಟಿದ ಮೇಲೆ ಸಿಗುತ್ತಿದ್ದ ಹಳೆಯ ಹೆರಿಗೆ ಆಸ್ಪತ್ರೆಯೊಂದಕ್ಕೆ ಐತಿಹಾಸಿಕ ಕಟ್ಟಡವೆಂದು ಗ್ರಾನೈಟ್ ಫಲಕ ಹಾಕಲು ಒಂದು ಸಮಿತಿಯಾಯಿತು. ಒಕ್ಕಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಡತಗಳಲ್ಲಿ ಏನೂ ಸಿಗಲಿಲ್ಲ. ಸಿಕ್ಕವರು ಪಿಳ್ಳಮ್ಮ. ಹರೆಯದಿಂದ ಮೊಣಕಾಲು ಸೋಲುವವರೆಗೂ ಅಲ್ಲೇ ಆಯಾ ಆಗಿದ್ದವರು. ಡಾಕ್ಟರು ಬರುವಷ್ಟರಲ್ಲಿ ಎಷ್ಟೋ ಸಲ ಮಗು ಇವರ ಕೈಗೆ ಬಂದಿರುತ್ತಿತ್ತಂತೆ. ಎಲ್ಲಿ ನೀರು ಕಾಯಿಸುತ್ತಿದ್ದರು, ಯಾವ ಕೋಣೆ ಯಾವಾಗ ಕಟ್ಟಿದ್ದು, ಎಲ್ಲ ಹೇಳಿದರು. ನನ್ನ ಒಕ್ಕಣೆಯ ಮುಕ್ಕಾಲು ಪಾಲು ಅವರ ಮಾತೇ. ಕೊನೆಗೆ ಸಂಕೋಚಪಡುತ್ತ ಒಂದು ಕೇಳಿದರು.

"ಮೇಷ್ಟ್ರೇ, ಆ ಕಲ್ಲಲ್ಲಿ ನನ್ ಎಸ್ರೂ ಒಸಿ ಆಕ್ಸಿ. ನಂಗ್ ಓದಾಕ್ ಬರಾಕಿಲ್ಲ. ಆದ್ರೂ ಐತೆ ಅಂತ ಗೊತ್ತಿದ್ರೆ ಸಾಕು."

ಹಾಕಿಸುತ್ತೇನೆ ಅಂದೆ. ಬರೆದೂ ಕಳಿಸಿದೆ. ಸಮಿತಿಯ ಸಭೆಯಲ್ಲಿ ಒಬ್ಬರು "ಆಯಾಗಳ ಹೆಸರೆಲ್ಲ ಹಾಕ್ತಾ ಹೋದ್ರೆ ಕಲ್ಲು ಸಾಲಲ್ಲ ಸಾರ್" ಎಂದು ನಕ್ಕರು. ನಾನೂ ನಕ್ಕೆ. ನಕ್ಕು, ಆ ಸಾಲನ್ನು ನನ್ನ ಪೆನ್ನಿನಿಂದಲೇ ಹೊಡೆದು ಹಾಕಿದೆ.

ಅನಾವರಣದ ದಿನ ಪಿಳ್ಳಮ್ಮ ಪೆಟ್ಟಿಗೆಯ ಮಡಿಕೆ ಬಿಡದ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಭಾಷಣ ಮುಗಿದು ಜನ ಕಾಫಿಗೆ ಹೋದ ಮೇಲೆ ನನ್ನ ಹತ್ತಿರ ಬಂದು, "ಯಾವ್ದು ನಂದು, ತೋರ್ಸಿ" ಅಂದರು. ನಿಜ ಹೇಳಬಹುದಿತ್ತು. ಅವರ ಬೆರಳು ಹಿಡಿದು ಕೊನೆಯ ಸಾಲಿನ ಮೇಲೆ ಇಟ್ಟೆ. ಅದು ಗುತ್ತಿಗೆದಾರನ ಹೆಸರು. ಅವರು ಒಂದೊಂದೇ ಅಕ್ಷರ ಸವರಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಪ್ರತಿ ಶುಕ್ರವಾರ ಬಂದು ಆ ಸಾಲಿಗೆ ಅರಿಶಿನ ಕುಂಕುಮ ಇಡತೊಡಗಿದರು. ಸ್ಕೂಟರಿನಲ್ಲಿ ಹೋಗುವಾಗ ಕಂಡರೆ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಕುಂಕುಮ ನಿಂತಿತು. ಮೊಣಕಾಲು ನೋವಿರಬೇಕು ಅಂದುಕೊಂಡು ಸುಮ್ಮನಾದೆ. ಹೋಗಿ ವಿಚಾರಿಸುವ ಮುಖ ನನಗೆಲ್ಲಿತ್ತು?

ಅಷ್ಟರಲ್ಲಿ ರಸ್ತೆ ಅಗಲ ಮಾಡಲು ಆಸ್ಪತ್ರೆಯನ್ನೇ ಕೆಡವುವುದೆಂದು ತೀರ್ಮಾನವಾಯಿತು. ಐತಿಹಾಸಿಕ ಎಂದು ನಾವೇ ಕಲ್ಲು ಹಾಕಿದ ಕಟ್ಟಡ! ಅರ್ಜಿ ಬರೆದೆ, ಅಲೆದೆ, ಯಾರೂ ಕೇಳಲಿಲ್ಲ. ಒಕ್ಕಣೆಯಾದರೂ ಉಳಿಯಲಿ ಎಂದು ಒಂದು ಭಾನುವಾರ ಮಧ್ಯಾಹ್ನ ಕಾಗದ, ಮಸಿ ಹಿಡಿದು ಹೋದೆ. ಸುತ್ತ ಯಾರೂ ಇರಲಿಲ್ಲ, ಬಿಸಿಲು ಸುಡುತ್ತಿತ್ತು. ಎಂದಿನಂತೆ ಕಲ್ಲು ತೊಳೆದೆ, ಕಾಗದ ಹಾಸಿ ತಟ್ಟಿದೆ, ಮಸಿ ಒತ್ತಿದೆ.

ಗುತ್ತಿಗೆದಾರನ ಹೆಸರಿನ ಕೆಳಗೆ ಇನ್ನೊಂದು ಸಾಲು ಮೂಡಿತ್ತು. "ಆಯಾ ಪಿಳ್ಳಮ್ಮ." ಅದೇ ಅಳತೆ, ಅದೇ ಅಕ್ಷರ.

ಕಾಗದ ಬಿಡಿಸಿ ನೋಡಿದೆ. ಕಲ್ಲಿನಲ್ಲಿ ಆ ಜಾಗ ನುಣ್ಣಗೆ ಬೋಳಾಗಿತ್ತು, ಉಗುರಿನಿಂದ ಕೆರೆದರೂ ಏನಿಲ್ಲ. ಮಸಿಯ ಚೆಲ್ಲಾಟವಿರಬೇಕು ಎಂದು ಕಾಗದದ ಹಿಂಬದಿ ಸವರಿದರೆ, ಕುಳಿಗೆ ಇಳಿದ ಅಕ್ಷರಗಳು ಬೆರಳಿಗೆ ಸಿಕ್ಕವು. ಇನ್ನೊಂದು ಕಾಗದ ಹಾಸಿ ಮತ್ತೆ ತೆಗೆದೆ. ಅದರಲ್ಲಿ ಗುತ್ತಿಗೆದಾರನೇ ಕೊನೆ.

ಹೆದರಿಕೆಗಿಂತ ಹೆಚ್ಚಾಗಿ, ಹೇಳಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ಹೇಗೋ ಬಂತಲ್ಲ, ಬಚಾವಾದೆ ಅನಿಸಿತು. ಮಸಿ ಆರುವ ಮೊದಲೇ ಪಿಳ್ಳಮ್ಮನ ಮನೆಗೆ ಓಡಿದೆ. ಸೊಸೆ ರತ್ನ ಕಾಗದ ನೋಡಿ, "ಹೌದತ್ತೆ, ನಿಮ್ ಎಸ್ರೇ ಐತೆ" ಅಂದಳು. ಪಿಳ್ಳಮ್ಮ ಕಾಗದ ಮುಟ್ಟಲೇ ಇಲ್ಲ.

"ಇವ್ಳೇ ಒಂದಿನ ಓದಿ ಯೋಳಿದ್ಲು ಮೇಷ್ಟ್ರೇ, ಅದು ಯಾರೋ ಕಂಟ್ರಾಕ್ಟ್ರು ಎಸ್ರು ಅಂತ. ಅಷ್ಟು ದಿನ ಅವ್ನಿಗೆ ಕುಂಕುಮ ಇಕ್ಕಿದೀನಿ. ಈಗ ಇದ್ನೂ ನೀವೇ ಬರ್ಕೊಂಡ್ ಬಂದ್ರಾ?"

"ಇಲ್ಲವ್ವಾ, ನಮ್ಮವ್ವನಾಣೆ, ನಾ ಬರ್ದದ್ದಲ್ಲ. ತಾನಾಗೇ ಬಂದೈತಿ" ಅಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರಿಯಾಕ್ ಬರೋರು ನೀವು, ಏನ್ ಬೇಕಾದ್ರೂ ಬರೀತೀರ. ಬಿಸ್ಲಲ್ಲಿ ಬಂದಿದೀರಿ, ಕಾಫಿ ಕುಡ್ದು ಓಗಿ" ಎಂದು ಒಳಗೆ ಹೋಗಿಬಿಟ್ಟರು. ಕಾಫಿ ತಂದುಕೊಟ್ಟವಳು ರತ್ನ. ಪಿಳ್ಳಮ್ಮ ಮತ್ತೆ ಹೊರಗೆ ಬರಲಿಲ್ಲ.

ಆ ವಾರವೇ ಜೆಸಿಬಿ ಬಂತು. ಈಗ ಅಲ್ಲಿ ಆಸ್ಪತ್ರೆಯೂ ಇಲ್ಲ, ಫಲಕವೂ ಇಲ್ಲ. ಪಡಿಯಚ್ಚನ್ನು ಶಾಸನ ಬಲ್ಲ ಇಬ್ಬರು ಗೆಳೆಯರಿಗೆ ತೋರಿಸಿದೆ. ಕಲ್ಲಿನಲ್ಲಿ ಇದ್ದಿರಲೇಬೇಕು, ನೀನು ಸರಿಯಾಗಿ ನೋಡಿಲ್ಲ ಅಂದರು. ಇರಲಿಲ್ಲ. ಅಲ್ಲಿಲ್ಲದಂತೆ ಮಾಡಿದವನೇ ನಾನು, ನನಗೆ ಗೊತ್ತಿಲ್ಲವೆ? ಆ ಹೆಸರು ಎಲ್ಲಿಂದ ಬಂತು, ಒಂದೇ ಕಾಗದಕ್ಕೆ ಯಾಕೆ ಬಂತು, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಪಿಳ್ಳಮ್ಮನಿಗಾಗಿ ಬಂದದ್ದಾದರೆ ನನ್ನ ಕೈಯಲ್ಲಿ ಕಳಿಸಬಾರದಿತ್ತು. ಮುಂದಿನ ಯುಗಾದಿಗೆ ಮೊದಲೇ ಅವರು ಹೋಗಿಬಿಟ್ಟರು, ತಮ್ಮ ಹೆಸರು ಎಲ್ಲೂ ಇಲ್ಲವೆಂದೇ ತಿಳಿದು.