ದೊಡ್ಡಪ್ಪನ ಹುಲ್ಲಿನ ಪರೀಕ್ಷೆ

ಮೊನ್ನೆ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಹಸಿ ಹುಲ್ಲು ತುಂಬಿದ ಗಾಡಿಯೊಂದು ಪಕ್ಕದಲ್ಲೇ ಹಾದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂಗಟಗೆರೆಯ ದೊಡ್ಡಪ್ಪ ನೆನಪಾದರು. ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅವರನ್ನು ನೆನೆದರೆ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ಬರುತ್ತವೆ.

ಎಪ್ಪತ್ತರ ದಶಕದ ಕೊನೆ. ಕೃಷಿ ಇಲಾಖೆಯ ಸಾಹೇಬರು ಊರೂರಿಗೆ ಸೀಮೆ ಹುಲ್ಲು ಹಂಚುತ್ತಿದ್ದ ಕಾಲ. ತರೀಕೆರೆಯ ರೈತರ ಸಭೆಗೆ ಹೋದ ದೊಡ್ಡಪ್ಪ, ಅಲ್ಲಿ ಕೊಟ್ಟ ಉಪ್ಪಿಟ್ಟು ತಿಂದು, ನೇಪಿಯರ್, ಗಿನಿ, ರೋಡ್ಸ್ ಎಂಬ ಮೂರು ಹುಲ್ಲುಗಳನ್ನು ಮೂಟೆ ಕಟ್ಟಿಕೊಂಡು ಬಂದರು. ಬಾವಿಯ ಪಕ್ಕದ ದೊಡ್ಡಮ್ಮನ ಸೊಪ್ಪಿನ ಮಡಿ ಕಿತ್ತು ಅವನ್ನು ನೆಟ್ಟರು. ಜೊತೆಗೆ ಎಮ್ಮೆದೊಡ್ಡಿ ಕಾವಲಿನ ನಾಟಿ ಹುಲ್ಲನ್ನೂ ತಂದು, "ಯಾವ್ದು ಹೆಚ್ಚು ಅಂತ ನೋಡೇಬಿಡಾಣ" ಎಂದರು. ನಾಟಿ ಹುಲ್ಲಿಗೆ ಮಾತ್ರ ನೀರಿಲ್ಲ, ಗೊಬ್ಬರವಿಲ್ಲ. ಅದಕ್ಕೆ ಅಭ್ಯಾಸವಿದೆಯಂತೆ! ರಜೆಗೆ ಹೋಗಿದ್ದ ನಾನು ಕಾಲೇಜು ಮೆಟ್ಟಿಲು ಹತ್ತಿದ ಜಂಭದಲ್ಲಿ ಒಂದೊಂದು ಪಾತಿಗೂ ಹೆಸರಿನ ಹಲಗೆ ಬರೆದುಕೊಟ್ಟೆ. ಹಸುವಿಗೆ ಓದಲು ಬರುತ್ತಿದ್ದರೆ ಬಹಳ ಅನುಕೂಲವಾಗುತ್ತಿತ್ತು.

ಹಸು ಇದ್ದದ್ದು ಒಂದೇ, ಕೆಂದಿ. ಪಂಚನಹಳ್ಳಿಯ ತವರಿನವರು ದೊಡ್ಡಮ್ಮನಿಗೆ ಬಳುವಳಿಯಾಗಿ ಕೊಟ್ಟ ಹಸುವಿನ ಮಗಳು. ಬೇಸಿಗೆಯಲ್ಲಿ ಬಣವೆ ತಳ ಕಂಡಿತು. ಕೆಂದಿಯ ಪಕ್ಕೆ ಮೂಳೆ ಎದ್ದುಬಂದವು, ಕರುವಿಗೂ ಹಾಲು ಸಾಲದಾಯಿತು. ದೊಡ್ಡಮ್ಮ ಕುಡುಗೋಲು ಹಿಡಿದು ಬಂದರು.

"ಒಂದ್ ಹಿಡಿ ಕೊಯ್ಕಳ್ಳಾ?"

"ಸುಮ್ನಿರೇ. ಸಾಹೇಬ್ರು ನೋಡಾಕೆ ಬತ್ತಾರೆ. ಈಗ್ಲೇ ಕೊಯ್ದ್ರೆ ಯಾವ್ದು ಎತ್ರ ಅಂತ ಹೆಂಗೆ ಗೊತ್ತಾಗೋದು?"

ಹುಲ್ಲು ಇರುವುದೇ ಎತ್ತರ ನೋಡುವುದಕ್ಕೆ ಎಂದು ನಂಬಿದವರಿಗೆ ನೀವಾದರೂ ಏನು ಹೇಳುತ್ತೀರಿ? ನೇಪಿಯರ್ ಕಬ್ಬಿನ ಹಾಗೆ ಬೆಳೆದು ನಿಂತಿತು. ದೊಡ್ಡಪ್ಪ ದಿನಾ ಅದರ ಪಕ್ಕ ನಿಂತು ಮೀಸೆ ತಿರುವುತ್ತಿದ್ದರು.

ಕೊನೆಗೂ ಹುಲ್ಲು ಕೊಟ್ಟಿದ್ದ ಸಾಹೇಬರು ಬಂದರು. ಊರೂ ಸೇರಿತು. "ಯಜಮಾನ್ರೇ, ನಾಲ್ಕನ್ನೂ ಹಸುವಿನ ಮುಂದೆ ಹಾಕ್ಸಿ. ಯಾವುದಕ್ಕೆ ಮೊದಲು ಬಾಯಿ ಹಾಕುತ್ತೋ ನೋಡೋಣ" ಎಂದರು. ಹೊತ್ತು ಮೂಡುವ ಮುಂಚಿನಿಂದ ಪಾತಿಯಲ್ಲೇ ಕಳೆ ಕೀಳುತ್ತಿದ್ದ ದೊಡ್ಡಪ್ಪ, ಹಸು ತರಲು ಮನೆಯತ್ತ ಕೂಗಿದರು. ದೊಡ್ಡಮ್ಮ ಹೊರಗೆ ಬಂದರು.

"ಹಸ ಎಲ್ಲೈತೆ? ಬೆಳಿಗ್ಗೇನೇ ನಮ್ಮಣ್ಣ ಕರೂನೂ ಸೇರ್ಸಿ ಹೊಡ್ಕಂಡು ಹೋದ. ಹೊಟ್ಟೆಗಿಲ್ದೆ ತವರಿಗೆ ಹೋಯ್ತು ಕಣ್ರೀ."

ಬಳುವಳಿಯ ಹಸು ತವರಿಗೆ ಮರಳುವುದೆಂದರೆ ನಮ್ಮ ಕಡೆ ಗಂಡನ ಮೀಸೆ ಬೋಳಿಸಿದ ಹಾಗೆ. ಮಾರನೆಯ ದಿನವೇ ದೊಡ್ಡಪ್ಪ ನೇಪಿಯರ್ ಕೊಯ್ದು, ಹೊರೆ ಹೊತ್ತು ಪಂಚನಹಳ್ಳಿಯ ಬಸ್ಸು ಹತ್ತಿದರು. ಬಲಿತು ಕೋಲಾಗಿದ್ದ ಅದನ್ನು ಕೆಂದಿ ಮೂಸಿ, ಮುಖ ತಿರುಗಿಸಿ, ರಾಗಿ ಹುಲ್ಲಿಗೆ ಬಾಯಿ ಹಾಕಿತು. ದೊಡ್ಡಮ್ಮನ ಅಣ್ಣ ಊಟ ಹಾಕಿ ಕಳಿಸಿದ, ಹಸು ಕಳಿಸಲಿಲ್ಲ.

ಇಷ್ಟಾದರೂ ದೊಡ್ಡಪ್ಪನಿಗೆ ಮಾದರಿ ರೈತ ಎಂಬ ಹೆಸರು ಬಂತು. ಅಜ್ಜಂಪುರದ ಸಭೆಯೊಂದರಲ್ಲಿ ಮೇವಿನ ಬಗ್ಗೆ ಭಾಷಣ ಮಾಡಿ ಶಾಲು ಹೊದ್ದು ಬಂದರು. ದೊಡ್ಡಮ್ಮ ಸಂಜೆಯಾದರೆ ಖಾಲಿ ಕೊಟ್ಟಿಗೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊನ್ನೆ ನಾನು ಹೊರಟಿದ್ದದ್ದು ಗೆಳೆಯನೊಬ್ಬನ ಹೊಸ ತೋಟ ನೋಡಲು. ಗೇಟಿನಲ್ಲೇ ಕೈ ಹಿಡಿದು, "ಬಾರೋ, ಮೊದ್ಲು ತೋಟ ನೋಡುವಂತೆ" ಎಂದ.

"ತೋಟ ಎಲ್ಲೂ ಓಡೋಗಲ್ಲ ಕಣೋ. ಮೊದ್ಲು ನಿನ್ ಹೆಂಡ್ತಿನ ಮಾತಾಡ್ಸ್ತೀನಿ" ಎಂದು ನೇರ ಮನೆಯೊಳಗೆ ನಡೆದೆ.