ಒದ್ದೆ ಚರ್ಮದ ಮೇಲೆ

ಬೆಳಕು ಹರಿಯುವ ಮೊದಲೇ ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಹೊಲಸಾದ ಬಟ್ಟೆ ನೆನೆಹಾಕಬೇಕು, ಅಡುಗೆ ಮುಗಿಸಿ ಗಂಡನ ಡಬ್ಬಿ ತುಂಬಬೇಕು, ಅವನು ಕೂಗುವ ಮೊದಲೇ ಕಾಲುಚೀಲದ ಜೋಡಿ ಹುಡುಕಿಡಬೇಕು. ಆಮೇಲೆ ಬಸ್ಸಿನಲ್ಲಿ ನಿಂತೇ ಒಂದಿಷ್ಟು ಕಣ್ಣು ಮುಚ್ಚಬೇಕು.

ಆಸ್ಪತ್ರೆಯಲ್ಲಿ ನರ್ಸು ಅವಳು; ಹೊಟ್ಟೆ, ಕರುಳಿನ ತೊಂದರೆಯಿರುವ ಮಕ್ಕಳ ವಾರ್ಡು. ಅಲ್ಲೂ ತೊಳೆಯುವುದು, ಒರೆಸುವುದೇ. ಅಲ್ಲಿ ಅದಕ್ಕೆ ಸಂಬಳವಿತ್ತು, ಅಷ್ಟೇ.

"ನಿಂಗಾದ್ರೆ ಅಭ್ಯಾಸ ಕಣೇ. ನಂಗೆ ಆ ವಾಸನೆಗೇ ಹೊಟ್ಟೆ ತೊಳಸುತ್ತೆ," ಎನ್ನುತ್ತಿದ್ದ ಗಂಡ. ಹೆತ್ತವಳ ವಾಸನೆ ಮಗನಿಗಾಗದು, ಸೊಸೆಗೆ ಆಗಲೇಬೇಕು.

ವಾರ್ಡಿನ ಮೂಲೆಯ ಮಂಚದಲ್ಲೊಂದು ಪುಟ್ಟ ಹುಡುಗಿ. ಆಪರೇಷನ್ ಮಾಡಿ ಅವಳ ಸಣ್ಣ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು, ಅದಕ್ಕೊಂದು ಚೀಲ ಅಂಟಿಸಿದ್ದರು. ಒಳಗಿನಿಂದ ಬರುವ ನೀರು ಚರ್ಮವನ್ನೇ ಸುಡುತ್ತದೆ. ಚರ್ಮ ಪೂರ್ತಿ ಒಣಗದೆ ಅಂಟಿಸಿದರೆ ಚೀಲ ನಿಲ್ಲುವುದಿಲ್ಲ. "ಉಜ್ಜಬೇಡಿ, ಮುತ್ತು ಕೊಟ್ಟ ಹಾಗೆ ಬಟ್ಟೆ ಒತ್ತಿ," ಎಂದು ತಾಯಂದಿರಿಗೆಲ್ಲ ಹೇಳಿಕೊಡುತ್ತಿದ್ದವಳು ಅವಳೇ.

ಅವತ್ತು ಮನೆಯಿಂದ ಹೊರಡುವ ಹೊತ್ತಿಗೆ ಅತ್ತೆ ಮತ್ತೆ ಹಾಸಿಗೆ ಕೆಡಿಸಿದ್ದರು. ಗಂಡ ಹೊರಗೆ ಹೋಗಿ ನಿಂತ. ಎಲ್ಲ ತೊಳೆದು ತಡವಾಗಿ ವಾರ್ಡಿಗೆ ಬಂದವಳು, ಆತುರದಲ್ಲಿ ಹುಡುಗಿಯ ಒದ್ದೆ ಚರ್ಮದ ಮೇಲೇ ಚೀಲ ಅಂಟಿಸಿಬಿಟ್ಟಳು. ಮಧ್ಯಾಹ್ನಕ್ಕೆ ಅದು ಕಿತ್ತು ಬಂತು. ಸುತ್ತಲ ಚರ್ಮ ಬಿಸಿನೀರು ಬಿದ್ದಂತೆ ಕೆಂಪಾಗಿತ್ತು. ಅವಳ ಕೈ ಕಂಡ ಕೂಡಲೇ ಮಗು ಚೀರಿತು.

"ನಿನ್ನೆ ಮೊನ್ನೆ ಸೇರಿದೋಳಾ ನೀನು? ಕೈ ಇಲ್ಲಿ, ಮನಸ್ಸೆಲ್ಲಿ?" ಹಿರಿಯ ನರ್ಸು ಎಲ್ಲರೆದುರೇ ಗದರಿದರು.

ಮಗುವಿನ ತಾಯಿ ಬೈಯಲಿಲ್ಲ. "ಬಿಡಿ ಸಿಸ್ಟರ್, ನಿಮಗೂ ಸಾಕಾಗಿರುತ್ತೆ. ಇವಳಪ್ಪನ್ನ ನೋಡಿ, ಬಾಗಿಲಲ್ಲೇ ಮೂಗು ಮುಚ್ಕೊಂಡು ನಿಂತ್ಕೋತಾರೆ. ನಿಮ್ಮನೇಲಿ?"

"ಬಾಗಿಲ ತನಕ ಬರ್ತಾರಾ? ಪುಣ್ಯ ಮಾಡಿದೀರಿ."

ಇಬ್ಬರೂ ನಕ್ಕರು. ಮಗುವಿನ ಅಳು ನಿಂತಿರಲಿಲ್ಲ.

ಸಂಜೆ ಮೆಡಿಕಲ್ ಶಾಪಿನವನು ಕೇಳದೆಯೇ ಕೈಗವಸಿನ ಡಬ್ಬ ತೆಗೆದಿಟ್ಟ. ಅತ್ತೆಯ ಕೆಲಸಕ್ಕೆಂದು ಅವಳು ಯಾವಾಗಲೂ ಒಯ್ಯುವುದು ಅದನ್ನೇ.

"ಚಿಕ್ಕ ಸೈಜು ತಾನೇ ಸಿಸ್ಟರ್?"

ಅವಳು ಡಬ್ಬವನ್ನು ನೋಡುತ್ತ ನಿಂತಳು. ಗಂಡ ಮನೆಯ ಸೂರು ಹಾರಿಹೋಗುವಂತೆ ಕೂಗಾಡುತ್ತಾನೆ. ಅತ್ತೆ, ಗಂಡುಮಗನ ಕೈಲಿ ಇದನ್ನು ಮಾಡಿಸಿದೆಯಲ್ಲೇ ಎಂದು ಶಪಿಸುತ್ತಾರೆ. ನಾಳೆ ಬೆಳಿಗ್ಗೆ ಆ ಮುದುಕಿ ಒದ್ದೆಯಲ್ಲೇ ಬಿದ್ದಿರಲೂಬಹುದು. ಒದ್ದೆ ಚರ್ಮ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ದೊಡ್ಡದು ಕೊಡಿ. ಗಂಡಸರ ಕೈಗೆ ಹಿಡಿಸೋದು."

"ಈ ಚಿಕ್ಕದೂ ಇರ್ಲಾ?"

"ಬೇಡ. ಅದನ್ನ ಒಳಗಿಡಿ."